ವೈಮಾರ್ ಕಾಲದ ಪೋಸ್ಟರ್‌ಗಳು: ಈ ದೈತ್ಯ ಕಾರ್ಮಿಕ ಯಾವ ಪಕ್ಷದವನು?

ವರ್ಣಲೇಪ

ವೈಮಾರ್ ಕಾಲ ಅಂದರೆ 1919ರಿಂದ 1933ರ ತನಕದ ಜರ್ಮನ್ ಗಣರಾಜ್ಯದ ಕಾಲ. 1932ರ ಜರ್ಮನಿಯ ಚುನಾವಣಾ ಪೋಸ್ಟರ್‌ಗಳನ್ನು, ಅಕ್ಷರಗಳನ್ನೆಲ್ಲ ಮುಚ್ಚಿ, ಒಂದರ ಪಕ್ಕ ಒಂದಿಟ್ಟು ನೋಡಿ. ಯಾವುದು ಯಾವ ಪಕ್ಷದ್ದೆಂದು ಹೇಳಲು ತಡಕಾಡಬೇಕಾಗುತ್ತದೆ. ನಾತ್ಸಿಗಳಿಗಾಗಿ ಫೆಲಿಕ್ಸ್ ಆಲ್ಬ್ರೆಕ್ಟ್ ಬರೆದ 'ಕಾರ್ಮಿಕರಾದ ನಾವು ಎಚ್ಚೆತ್ತಿದ್ದೇವೆ' ಪೋಸ್ಟರಿನಲ್ಲಿ ಒಬ್ಬ ಭಾರೀ ಕಾರ್ಮಿಕ, ಅವನ ಮುಂದೆ ಬೊಂಬೆಗಳಷ್ಟು ಪುಟ್ಟದಾದ, ಕಚ್ಚಾಡುವ ರಾಜಕಾರಣಿಗಳು. ಕಮ್ಯುನಿಸ್ಟರ 'ಈ ವ್ಯವಸ್ಥೆ ಸಾಕು' ಪೋಸ್ಟರಿನಲ್ಲೂ ಅಂಥದೇ ದೈತ್ಯ, ಬಣ್ಣ ಮಾತ್ರ ಕೆಂಪು. ಗಣರಾಜ್ಯದ ಪರವಾಗಿದ್ದ ಎಡಪಂಥದ ಪಕ್ಷ ಸೋಷಿಯಲ್ ಡೆಮಾಕ್ರಟರ ಒಂದು ಪೋಸ್ಟರಿನಲ್ಲಿ ಅಗಲ ಹೆಗಲಿನ ಕಾರ್ಮಿಕ ನಾತ್ಸಿಯನ್ನು ಒಂದು ಕಡೆಗೂ ಕಮ್ಯುನಿಸ್ಟನನ್ನು ಇನ್ನೊಂದು ಕಡೆಗೂ ತಳ್ಳಿಕೊಂಡು ಮುಂದೆ ಬರುತ್ತಾನೆ. ಮೂವರೂ ಒಡಹುಟ್ಟಿದವರ ಹಾಗೆ ಕಾಣುತ್ತಾರೆ.

ಕಲಾವಿದರು ಒಬ್ಬರನ್ನೊಬ್ಬರು ಕದ್ದರು ಅಂತ ಹೇಳಿ ಮುಗಿಸಿಬಿಡಬಹುದು, ಆದರೆ ನನಗೆ ಅದು ಸಾಲದು. 1932ರ ಆರಂಭದಲ್ಲಿ ಜರ್ಮನಿಯಲ್ಲಿ ನೋಂದಾಯಿತ ನಿರುದ್ಯೋಗಿಗಳೇ 60 ಲಕ್ಷ. ಮೂರೂ ಪಕ್ಷಗಳಿಗೆ ಬೇಕಿದ್ದದ್ದು ಅದೇ ಮನುಷ್ಯ. ಕೆಲಸ ಕಳೆದುಕೊಂಡು, ಮನೆಯಲ್ಲಿ ತಲೆ ಎತ್ತಲಾಗದೆ ಕುಗ್ಗಿಹೋದವನಿಗೆ ಬೀದಿಯ ಗೋಡೆಯ ಮೇಲೆ ಅವನದೇ ದೇಹವನ್ನು ಎರಡು ಪಟ್ಟು ದೊಡ್ಡದು ಮಾಡಿ ತೋರಿಸುತ್ತಿದ್ದರು.

ಹಾಗಾಗಿ ಈ ಪೋಸ್ಟರ್‌ಗಳನ್ನು ಓದುವಾಗ ನಾನು ದೈತ್ಯನನ್ನು ಬಿಟ್ಟು ಅವನ ಕಾಲಬುಡ ನೋಡುತ್ತೇನೆ. ಅಲ್ಲಿ ಯಾರನ್ನು ಕುಬ್ಜ ಮಾಡಿದ್ದಾರೆ? ಕಮ್ಯುನಿಸ್ಟರಲ್ಲಿ ಬಂಡವಾಳಿಗ. ನಾತ್ಸಿಗಳಲ್ಲಿ ಕಮ್ಯುನಿಸ್ಟ್, ಸಂಸದ, ಮತ್ತು ಇವರ ಕಿವಿಯಲ್ಲಿ ಪಿಸುಗುಟ್ಟುವ ಯಹೂದಿ. ಪಕ್ಷದ ನಿಜವಾದ ಕಾರ್ಯಕ್ರಮ ಇರುವುದು ಅಲ್ಲಿ. ನೀವೇನು ಹೇಳುತ್ತೀರಿ?

ಹಳೇ ಅಚ್ಚುಮೊಳೆ

ಅಚ್ಚುಮನೆಯಲ್ಲೇ ಬದುಕು ಸವೆಸಿದವನಾಗಿ ತಾಂತ್ರಿಕ ಮಾತೊಂದು ಸೇರಿಸುತ್ತೇನೆ. ಈ ಪೋಸ್ಟರ್‌ಗಳಲ್ಲಿ ಹೆಚ್ಚಿನವು ಲಿಥೋ, ಅಂದರೆ ಕಲ್ಲಚ್ಚು ಅಥವಾ ಅದರ ಮುಂದಿನ ರೂಪ. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ನೇರವಾಗಿ ಬರೆಯುವುದು, ನೀರು ಹಚ್ಚುವುದು, ಮಸಿ ಉರುಳಿಸುವುದು. ನೀರು ನಿಂತ ಕಡೆ ಮಸಿ ಹಿಡಿಯುವುದಿಲ್ಲ, ಜಿಡ್ಡಿದ್ದ ಕಡೆ ಹಿಡಿಯುತ್ತದೆ. ಪ್ರತಿ ಬಣ್ಣಕ್ಕೂ ಬೇರೆ ಕಲ್ಲು, ಪ್ರತಿ ಕಲ್ಲಿಗೂ ಹಾಳೆ ಮತ್ತೊಮ್ಮೆ ಯಂತ್ರಕ್ಕೆ ಹೋಗಬೇಕು. ಚುನಾವಣೆ ಘೋಷಣೆಯಾಗಿ ಕೆಲವೇ ವಾರಗಳಲ್ಲಿ ಊರೂರಿಗೆ ಪೋಸ್ಟರ್ ಮುಟ್ಟಿಸಬೇಕೆಂದರೆ ಎರಡು ಅಥವಾ ಮೂರು ಬಣ್ಣಕ್ಕಿಂತ ಹೆಚ್ಚು ಆಗದು. ಕಪ್ಪು, ಕೆಂಪು, ಕಾಗದದ ಬಿಳಿ. ಆ ಕಾಲದ ಪೋಸ್ಟರ್‌ಗಳ ಬಿರುಸಿಗೆ ಅರ್ಧ ಕಾರಣ ಇದು.

ನಮ್ಮ ಮನೆಗಳಲ್ಲಿ ತೂಗುಹಾಕಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ಚಿತ್ರಗಳೂ ಕಲ್ಲಚ್ಚೇ. ರವಿವರ್ಮ ಮುಂಬಯಿಯಲ್ಲಿ ತೆರೆದ ಪ್ರೆಸ್ಸಿನಲ್ಲಿ ಕೆಲಸ ಮಾಡಿ ಆಮೇಲೆ ಅದನ್ನೇ ಕೊಂಡುಕೊಂಡವನು ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞ. ಅಲ್ಲಿ ಕೆನ್ನೆಯ ನಸುಗೆಂಪಿಗೆ, ಸೀರೆಯ ಅಂಚಿಗೆ ಕಲ್ಲಿನ ಮೇಲೆ ಕಲ್ಲು. ಇಲ್ಲಿ ಅಷ್ಟು ಹೊತ್ತೂ ಇಲ್ಲ, ಅಷ್ಟು ದುಡ್ಡೂ ಇಲ್ಲ.

ಇನ್ನೊಂದು: ಇವನ್ನು ಅಂಟಿಸುತ್ತಿದ್ದ ಜಾಗ. ಎರ್ನ್ಸ್ಟ್ ಲಿಟ್‌ಫಾಸ್ ಎಂಬ ಮುದ್ರಕ 1855ರಲ್ಲಿ ಬರ್ಲಿನ್ನಿನಲ್ಲಿ ನಿಲ್ಲಿಸಿದ ದುಂಡು ಕಂಬಗಳು ಜರ್ಮನಿಯ ಊರುಗಳಿಗೆಲ್ಲ ಹರಡಿದ್ದವು. ಕಂಬ ದುಂಡಗಿರುವುದರಿಂದ ನಡೆಯುವವನಿಗೆ ಒಮ್ಮೆಗೆ ಕಾಣುವುದು ಅದರ ಒಂದು ಮಗ್ಗುಲು ಮಾತ್ರ. ಚಿತ್ರ ಒಂದೇ ನೋಟಕ್ಕೆ ದಕ್ಕಬೇಕಿತ್ತು.

ಮಂಜುಳಾ ಎಚ್.

ನಾನು ಈ ವಿಷಯಕ್ಕೆ ಹೊಸಬಳು. ಎಲ್ಲರೂ 1932ರಿಂದಲೇ ಶುರು ಮಾಡುತ್ತಾರೆ. ಯುದ್ಧ ಮುಗಿದದ್ದು 1918ರಲ್ಲಿ. ನಡುವಿನ ವರ್ಷಗಳ ಪೋಸ್ಟರ್‌ಗಳು ಹೇಗಿದ್ದವು? ಮತ್ತೆ ಆ ಸ್ವಸ್ತಿಕ ನಮ್ಮಿಂದಲೇ ಹೋದದ್ದು ಅನ್ನುತ್ತಾರಲ್ಲ, ಅದು ನಿಜವೇ? ತಿಳಿದವರು ಹೇಳಿದರೆ ಉಪಕಾರ.

ಧಾರವಾಡ ಮಾಸ್ತರ

ಮಂಜುಳಾ ಅವರ, ಮೊದಲನೇ ಪ್ರಶ್ನಿಗೆ ನಾ ಹೇಳತೀನಿ. ಬರೆಯೂದು ಉದ್ದ ಐತಿ, ಅದಕ್ಕ ಪುಸ್ತಕದ ಭಾಷಾದಾಗ ಬರೀತೀನಿ.

1918ರ ನವೆಂಬರ್‌ನಲ್ಲಿ ಚಕ್ರವರ್ತಿ ಓಡಿಹೋದ. 1919ರ ಜನವರಿ 19ರಂದು ಸಂವಿಧಾನ ಸಭೆಗೆ ಚುನಾವಣೆ. 20 ವರ್ಷ ತುಂಬಿದ ಎಲ್ಲರಿಗೂ, ಹೆಂಗಸರಿಗೂ, ಮತ. ಹೊಸ ತಾತ್ಕಾಲಿಕ ಸರ್ಕಾರ ಪ್ರಚಾರಕ್ಕೆ ಒಂದು ಕಚೇರಿ ತೆರೆದು, ಆ ಹೊತ್ತಿನ ಅತಿ ಹೊಸ ಶೈಲಿಯ ಚಿತ್ರಕಾರರನ್ನು ಕರೆಯಿತು: ಮಾಕ್ಸ್ ಪೆಖ್‌ಸ್ಟೈನ್, ಸೀಸರ್ ಕ್ಲೈನ್, ಹೈನ್ಸ್ ಫುಕ್ಸ್. ಪೆಖ್‌ಸ್ಟೈನ್‌ನ ಪೋಸ್ಟರಿನಲ್ಲಿ ಒಂದು ಮಗು ಕೆಂಪು ಬಾವುಟ ಹಿಡಿದಿದೆ. 'ಎಳೆಯ ಸ್ವಾತಂತ್ರ್ಯದ ಕತ್ತು ಹಿಸುಕಬೇಡಿ' ಎಂಬ ಬೇಡಿಕೆ ಅದರದು. ಒಡ್ಡೊಡ್ಡಾದ ಗೆರೆ, ತಿರುಚಿದ ಮೈ. ಇವನ್ನು ಕಂಡು ಕಾರ್ಮಿಕರೇ ಗೊಂದಲಗೊಂಡರು, ಇದು ನಮ್ಮನ್ನು ಅಣಕಿಸುವ ಚಿತ್ರವೇ ಎಂದು ಕೇಳಿದವರಿದ್ದರು.

ಅದೇ ವಾರಗಳಲ್ಲಿ, ಅದೇ ಗೋಡೆಗಳ ಮೇಲೆ ಬೇರೊಂದು ಬಂತು. ಎಡುವಾರ್ಡ್ ಷ್ಟಾಡ್ಟ್‌ಲರ್ ಕಟ್ಟಿದ ಬೋಲ್ಷೆವಿಕ್ (ರಷ್ಯಾದ ಕಮ್ಯುನಿಸ್ಟ್ ಕ್ರಾಂತಿಕಾರರ) ವಿರೋಧಿ ಲೀಗ್‌ಗೆ ದುಡ್ಡಿನ ಕೊರತೆ ಇರಲಿಲ್ಲ, ದೊಡ್ಡ ಕೈಗಾರಿಕೋದ್ಯಮಿಗಳು ಬೆನ್ನಿಗಿದ್ದರು. ಯೂಲಿಯುಸ್ ಎಂಗೆಲ್‌ಹಾರ್ಡ್ ಬರೆದ ಪೋಸ್ಟರಿನಲ್ಲಿ ಚೂರಿ, ಬಾಂಬು ಹಿಡಿದ ಗೊರಿಲ್ಲಾದಂಥ ಜೀವಿ: 'ಬೋಲ್ಷೆವಿಸಂ ತರುವುದು ಯುದ್ಧ, ನಿರುದ್ಯೋಗ, ಬರಗಾಲ.' ರೂಡಿ ಫೆಲ್ಡ್‌ನದು ಇನ್ನೂ ಭೀಕರ. ಕರಿಬಟ್ಟೆ ಹೊದ್ದ ಅಸ್ಥಿಪಂಜರ, ಹಲ್ಲುಗಳ ನಡುವೆ ರಕ್ತ ಮೆತ್ತಿದ ಚೂರಿ. ಇವು ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ.

ವರ್ಣಲೇಪ ಅವರು ಹೇಳಿದ ದೈತ್ಯ ಕಾರ್ಮಿಕನಿಗೂ ಒಬ್ಬ ಹಿರಿಯಣ್ಣ ಇದ್ದಾನೆ. 1923ರ ಜನವರಿಯಲ್ಲಿ ಫ್ರಾನ್ಸ್, ಬೆಲ್ಜಿಯಂ ಸೇನೆಗಳು ರೂರ್ ಗಣಿ ಪ್ರದೇಶಕ್ಕೆ ನುಗ್ಗಿದಾಗ ಥಿಯೋ ಮಾಟೆಯ್ಕೊ 'ಇಲ್ಲ! ನನ್ನನ್ನು ನೀವು ಬಗ್ಗಿಸಲಾರಿರಿ' ಎಂಬ ಪೋಸ್ಟರ್ ಬರೆದ. ಬಯೊನೆಟ್ ಚಾಚಿದ ಸೈನಿಕರ ಎದುರು ಜಗ್ಗದೆ ನಿಂತ ಕಾರ್ಮಿಕ. ಅವನು ಆಗ ಯಾವ ಪಕ್ಷದವನೂ ಆಗಿರಲಿಲ್ಲ. ಮುಂದೆ ಎಲ್ಲ ಪಕ್ಷಗಳೂ ಅವನನ್ನು ತಮ್ಮ ತಮ್ಮ ಮನೆಗೆ ಕರೆದೊಯ್ದವು.

ಸುಮಾ, ಮ್ಯೂನಿಕ್

ಎರಡನೇ ಪ್ರಶ್ನೆ ನನಗಿರಲಿ. ಇಲ್ಲಿ ಹೊಸದಾಗಿ ಬಂದ ಕನ್ನಡದವರೆಲ್ಲ ಕೇಳುವ ಪ್ರಶ್ನೆ ಅದು, ಯಾಕೆಂದರೆ ಗೃಹಪ್ರವೇಶಕ್ಕೆ ಬಾಗಿಲ ಮೇಲೆ ಬರೆಯಬಹುದೇ ಎಂಬ ಭಯ ಇರುತ್ತದೆ.

1870ರ ದಶಕದಲ್ಲಿ ಹೈನ್ರಿಖ್ ಶ್ಲೀಮನ್ ಟ್ರಾಯ್ ಉತ್ಖನನದಲ್ಲಿ ಈ ಗುರುತಿದ್ದ ಮಣ್ಣಿನ ವಸ್ತುಗಳನ್ನು ಕಂಡ. ಭಾರತದಲ್ಲೂ ಇದೇ ಗುರುತು ಇರುವುದು ಅಲ್ಲಿನ ವಿದ್ವಾಂಸರಿಗೆ ಗೊತ್ತಿತ್ತು. ಇವೆರಡನ್ನೂ ಸೇರಿಸಿ, ಇದು ಪ್ರಾಚೀನ ಆರ್ಯ ಜನಾಂಗದ ಮುದ್ರೆ ಎಂಬ ಕಟ್ಟುಕಥೆಯನ್ನು ಜರ್ಮನ್ ಜನಾಂಗವಾದಿಗಳು ಬೆಳೆಸಿದರು. ಮ್ಯೂನಿಕ್‌ನ ಟೂಲೆ ಸೊಸೈಟಿ ಎಂಬ ಜನಾಂಗವಾದಿ ಕೂಟ ಇದನ್ನು ಬಳಸುತ್ತಿತ್ತು. 1920ರ ಮಾರ್ಚ್‌ನಲ್ಲಿ ಗಣರಾಜ್ಯವನ್ನು ಉರುಳಿಸಲು ನಡೆದ ಕಾಪ್ ದಂಗೆಗೆಂದು ಬರ್ಲಿನ್‌ಗೆ ನುಗ್ಗಿದ ಎರ್ಹಾರ್ಟ್ ಬ್ರಿಗೇಡಿನ ಸೈನಿಕರ ಹೆಲ್ಮೆಟ್‌ಗಳ ಮೇಲೂ ಇತ್ತು. ಅದೇ ವರ್ಷ ನಾತ್ಸಿ ಪಕ್ಷದ ಬಾವುಟವಾಯಿತು. ಫ್ರೀಡ್ರಿಖ್ ಕ್ರೋನ್ ಎಂಬ ದಂತವೈದ್ಯ ಕೊಟ್ಟ ವಿನ್ಯಾಸವನ್ನು ಹಿಟ್ಲರ್ ತಿದ್ದಿ ಅಂತಿಮ ಮಾಡಿದ. ಅಲ್ಲಿ ಪೂಜೆ ಇಲ್ಲ, ಶುಭ ಇಲ್ಲ. ಯಾರು ಈ ದೇಶದವರಲ್ಲ ಎಂದು ಹೇಳುವ ಗುರುತಾಗಿಯೇ ಅದು ಅಲ್ಲಿ ಹುಟ್ಟಿತು.

ಕೆಂಪು ಬಣ್ಣದ ಬಗ್ಗೆ ಹಿಟ್ಲರನೇ ಬರೆದುಕೊಂಡಿದ್ದಾನೆ: ಎಡಪಂಥದವರನ್ನು ಕೆರಳಿಸಿ ತಮ್ಮ ಸಭೆಗೆ ಎಳೆಯಲೆಂದೇ ಪೋಸ್ಟರ್‌ಗಳಿಗೆ ಕೆಂಪು ಆರಿಸಿದೆವು ಎಂದು. ಕಾರ್ಮಿಕ ಚಳವಳಿ ತಲೆಮಾರುಗಳಿಂದ ದುಡಿದು ಗಳಿಸಿದ ಬಣ್ಣವದು. ಕಪ್ಪು, ಬಿಳುಪು, ಕೆಂಪು ಮೂರೂ ಸೇರಿದರೆ ಹಳೇ ಚಕ್ರಾಧಿಪತ್ಯದ ಬಾವುಟದ ಬಣ್ಣಗಳು. ಒಂದೇ ಬಟ್ಟೆಯಲ್ಲಿ ಕಾರ್ಮಿಕನಿಗೂ ಬಲೆ, ರಾಜಭಕ್ತನಿಗೂ ಬಲೆ.

ಗಣರಾಜ್ಯದ ಬಾವುಟದ ಗತಿ ಏನಾಗಿತ್ತು ನೋಡಿ. 1848ರ ಕ್ರಾಂತಿಯ ಕಪ್ಪು-ಕೆಂಪು-ಹೊನ್ನು ಬಣ್ಣಗಳನ್ನು 1919ರ ಸಂವಿಧಾನ ಒಪ್ಪಿತು, ಆದರೆ ವ್ಯಾಪಾರಿ ಹಡಗುಗಳಿಗೆ ಹಳೇ ಬಣ್ಣಗಳನ್ನೇ ಬಿಟ್ಟುಕೊಟ್ಟು ಮೂಲೆಯಲ್ಲಿ ಹೊಸದನ್ನು ಸೇರಿಸಿತು. ಬಲಪಂಥದವರು ಹೊನ್ನನ್ನು ಸಾಸಿವೆ ಎಂದು ಹೀಯಾಳಿಸುತ್ತಿದ್ದರು. 1926ರ ಮೇ ತಿಂಗಳಲ್ಲಿ ವಿದೇಶದ ಕೆಲವು ರಾಯಭಾರ ಕಚೇರಿಗಳಲ್ಲಿ ಹಡಗಿನ ಬಾವುಟವನ್ನೂ ಹಾರಿಸಬಹುದೆಂಬ ಆಜ್ಞೆ ಹೊರಟಿತು. ಆ ಜಗಳದಲ್ಲಿ ಹಾನ್ಸ್ ಲೂಥರ್‌ನ ಸರ್ಕಾರವೇ ಬಿತ್ತು. ತನ್ನ ಬಾವುಟದ ಬಗ್ಗೆಯೇ ಒಮ್ಮತವಿಲ್ಲದ ಗಣರಾಜ್ಯ ಗೋಡೆಯ ಮೇಲೆ ಏನನ್ನು ತಾನೇ ನೆಚ್ಚಿಕೊಂಡೀತು?

ಮಂಜುಳಾ ಎಚ್.

ಇಬ್ಬರಿಗೂ ನಮಸ್ಕಾರ. ಹೆಂಗಸರಿಗೆ ಮೊದಲ ಸಲ ಮತ ಸಿಕ್ಕಿತು ಅಂದಿರಿ. ಅವರನ್ನು ಪೋಸ್ಟರ್‌ಗಳಲ್ಲಿ ಹೇಗೆ ತೋರಿಸಿದರು?

ಸುಮಾ, ಮ್ಯೂನಿಕ್

ಎರಡು ಪೋಸ್ಟರ್ ಎದುರುಬದುರು ಇಡುತ್ತೇನೆ. 1919ರಲ್ಲಿ ಸೋಷಿಯಲ್ ಡೆಮಾಕ್ರಟರಿಗಾಗಿ ಗಾಟ್‌ಫ್ರೀಡ್ ಕಿರ್ಖ್‌ಬಾಖ್ ಬರೆದದ್ದು: ಹೆಣ್ಣು, ಗಂಡು ಜೊತೆಯಾಗಿದ್ದಾರೆ, ಕೆಂಪು ಬಾವುಟವಿದೆ. 'ಹೆಂಗಸರೇ! ಸಮಾನ ಹಕ್ಕು, ಸಮಾನ ಹೊಣೆ.' ಆ ಚುನಾವಣೆಯಲ್ಲಿ 37 ಹೆಂಗಸರು ಗೆದ್ದರು, ಫೆಬ್ರವರಿ 19ರಂದು ಮಾರಿ ಯುಖಾಚ್ ಜರ್ಮನ್ ಸಂಸತ್ತಿನಲ್ಲಿ ಮಾತಾಡಿದ ಮೊದಲ ಹೆಣ್ಣಾದರು.

1932ರ ನಾತ್ಸಿ ಪೋಸ್ಟರ್: 'ಹೆಂಗಸರೇ! ಲಕ್ಷಾಂತರ ಗಂಡಸರಿಗೆ ಕೆಲಸವಿಲ್ಲ. ಲಕ್ಷಾಂತರ ಮಕ್ಕಳಿಗೆ ಭವಿಷ್ಯವಿಲ್ಲ. ಜರ್ಮನ್ ಕುಟುಂಬವನ್ನು ಉಳಿಸಿ.' ಕರೆದದ್ದು ಹೆಣ್ಣನ್ನು, ಹೇಳಿದ್ದೆಲ್ಲ ಗಂಡನ ಮತ್ತು ಮಕ್ಕಳ ಸಂಕಟ. ಅವಳ ಸ್ವಂತ ಕೆಲಸದ ಮಾತಿಲ್ಲ, ಹಕ್ಕಿನ ಮಾತಿಲ್ಲ. ಆ ಪಕ್ಷ ಸಂಸತ್ತಿಗೆ ಒಬ್ಬ ಹೆಣ್ಣನ್ನೂ ಕಳಿಸಲಿಲ್ಲ. ವರ್ಣಲೇಪ ಅವರು ಕಾಲಬುಡ ನೋಡಿ ಅಂದರು. ಇಲ್ಲಿ ಹೆಣ್ಣನ್ನು ಕಾಲಬುಡದಲ್ಲಿ ಇಟ್ಟಿಲ್ಲ, ಗೌರವದಿಂದಲೇ ಕರೆದಿದ್ದಾರೆ, ಅಷ್ಟರಲ್ಲೇ ಅವಳಿಂದ ಕಿತ್ತುಕೊಂಡಾಗಿದೆ. ನಿಮ್ಮ ಸೂತ್ರಕ್ಕೆ ಇದು ಸಿಗುವುದಿಲ್ಲ.

ವರ್ಣಲೇಪ

ಸುಮಾ ಅವರೇ, ಒಳ್ಳೆಯ ತಕರಾರು. ಇದಕ್ಕೆ ಹತ್ತಿರದ ಇನ್ನೊಂದು ಚಿತ್ರ ಹೇಳುತ್ತೇನೆ, ಅದೂ ನನ್ನ ಸೂತ್ರದ ಆಚೆಗಿನದು.

'ನಮ್ಮ ಕೊನೆಯ ಆಸರೆ: ಹಿಟ್ಲರ್.' 1932, ಬರೆದವನು ಹಾನ್ಸ್ ಶ್ವೈಟ್ಸರ್. ಥಾರ್ ದೇವರ ಸುತ್ತಿಗೆಯ ಹೆಸರಾದ 'ಮ್ಯೋಲ್ನಿರ್' ಎಂದು ಸಹಿ ಹಾಕುತ್ತಿದ್ದವನು. ಹಾಳೆಯ ತುಂಬ ಮುಖಗಳು. ಗಡ್ಡ ಬಿಟ್ಟವರು, ಟೊಪ್ಪಿಗೆಯವರು, ತಲೆಗೆ ಬಟ್ಟೆ ಕಟ್ಟಿದ ಹೆಂಗಸು. ಗುಳಿಬಿದ್ದ ಕೆನ್ನೆ, ಕಣ್ಣಿನ ಸುತ್ತ ಇದ್ದಿಲ ಕಪ್ಪು. ಮಾಮೂಲಿನ ಕೆಂಪಿಲ್ಲ. ಹಿಟ್ಲರನ ಮುಖ ಇಲ್ಲ, ಶತ್ರುವೂ ಇಲ್ಲ. ಮುಖಗಳು ಒಂದರ ಹಿಂದೊಂದು ಕವುಚಿಕೊಂಡು ಬರುವ ಹಾಗೆ ಬರೆದಿದ್ದಾನೆ, ದೂರದವು ಬರೀ ಗೀಟುಗಳಾಗಿ ಕರಗುತ್ತವೆ, ಸಾಲು ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲ. ಅಚ್ಚುಮೊಳೆ ಸರ್ ಹೇಳಿದ ಆ ಜಿಡ್ಡಿನ ಕಡ್ಡಿಯ ಉಜ್ಜು ಇದರಲ್ಲಿ ಚರ್ಮದ ಒರಟುತನವೇ ಆಗಿಬಿಟ್ಟಿದೆ. ಅವನು ಏನನ್ನು ಹೊಗಳುತ್ತಿದ್ದ ಎಂಬುದು ಗೊತ್ತಿದ್ದೂ ಈ ಚಿತ್ರ ಕಳಪೆ ಎಂದು ನಾನು ಹೇಳಲಾರೆ. ಅದಕ್ಕೇ ಇದು ಹೆಚ್ಚು ಅಪಾಯದ್ದು.

ಅದೇ ವರ್ಷ ಇದಕ್ಕೆ ಪೂರ್ತಿ ಎದುರಾದ ಇನ್ನೊಂದು ಪೋಸ್ಟರ್. ಕಡುಕಪ್ಪು ಹಿನ್ನೆಲೆ, ನಡುವೆ ತೇಲುವ ಒಂದು ತಲೆ, ಕೆಳಗೆ ಹೆಸರು. ಕೊರಳಿಲ್ಲ, ಭುಜವಿಲ್ಲ, ಘೋಷಣೆ ಇಲ್ಲ, ಮತಪತ್ರದಲ್ಲಿ ಪಕ್ಷಕ್ಕೆ ಕೊಡುತ್ತಿದ್ದ ಪಟ್ಟಿಯ ಸಂಖ್ಯೆಯೂ ಇಲ್ಲ. ಹತ್ತಾರು ಬಣ್ಣದ ಚೀಟಿಗಳಿಂದ ಕಿಕ್ಕಿರಿದ ಕಂಬದ ಮೇಲೆ ಆ ಕಪ್ಪು ಚೌಕವೊಂದೇ ಕಣ್ಣಿಗೆ ಬೀಳುತ್ತಿತ್ತು. ಒಂದರಲ್ಲಿ ಜನ ಮಾತ್ರ, ಇನ್ನೊಂದರಲ್ಲಿ ಅವನು ಮಾತ್ರ.

ಧಾರವಾಡ ಮಾಸ್ತರ

ವರ್ಣಲೇಪ ಅವರ, ನಿಮ್ಮ ಕಣ್ಣು ಭಾಳ ಚುರುಕ ಅದ, ಒಪ್ಪತೀನಿ. ಆದ್ರ ಚಿತ್ರಕ್ಕ ಇಷ್ಟು ಶಕ್ತಿ ಕೊಡಬ್ಯಾಡ್ರಿ.

ಅಂಕಿ ನೋಡಿ. ಇದೇ ಶ್ವೈಟ್ಸರ್ 1928ರ ಚುನಾವಣೆಗೂ ಇದೇ ಕೈಯಿಂದ ಬರೆಯುತ್ತಿದ್ದ. ಸಿಕ್ಕಿದ್ದು 2.6 ಶೇಕಡಾ ಮತ, 12 ಸ್ಥಾನ. 1930ರ ಸೆಪ್ಟೆಂಬರ್‌ನಲ್ಲಿ 18.3 ಶೇಕಡಾ, 107 ಸ್ಥಾನ. ಕಲಾವಿದನ ಕೈ ಎರಡು ವರ್ಷದಲ್ಲಿ ಏಳು ಪಟ್ಟು ಬಲಗೊಂಡಿತೇ? ನಡುವೆ ಆದದ್ದು 1929ರ ಆರ್ಥಿಕ ಕುಸಿತ, ಕಾರ್ಖಾನೆಗಳ ಬಾಗಿಲು ಬಿದ್ದದ್ದು. 1932ರ ಜುಲೈಯಲ್ಲಿ 1.37 ಕೋಟಿ ಮತ, 230 ಸ್ಥಾನ. ನಾಲ್ಕೇ ತಿಂಗಳಿಗೆ, ನವೆಂಬರ್‌ನಲ್ಲಿ, 1.17 ಕೋಟಿ, 196 ಸ್ಥಾನ. ಅದೇ ಪಕ್ಷ, ಅದೇ ಕಲಾವಿದರು. 20 ಲಕ್ಷ ಜನ ಜಾರಿದರು. ಹಿಟ್ಲರ್ ಪ್ರಧಾನಿಯಾದದ್ದು ಆ ಸೋಲಿನ ನಂತರ, 1933ರ ಜನವರಿ 30ರಂದು, ಮಾಜಿ ಪ್ರಧಾನಿ ಪಾಪೆನ್ ಮತ್ತು ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗ್ ಸುತ್ತಲಿನ ಕೆಲವೇ ಮಂದಿ ಬಾಗಿಲು ಹಾಕಿಕೊಂಡು ನಡೆಸಿದ ಮಾತುಕತೆಯಿಂದ. ಆ ಕೋಣೆಯೊಳಗೆ ಯಾವ ಪೋಸ್ಟರೂ ಇರಲಿಲ್ಲ.

ಪೋಸ್ಟರೇ ಎಲ್ಲ ಮಾಡಿತು ಎಂದರೆ ಆ ಕೆಲವರ ಹೊಣೆ ಹಗುರಾಗುತ್ತದೆ. ನನ್ನ ಸಿಟ್ಟು ಅದಕ್ಕೆ.

ಹಳೇ ಅಚ್ಚುಮೊಳೆ

ಮಾಸ್ತರರ ಅಂಕಿಗಳಿಗೆ ಎದುರಾಡಲಾರೆ. ಆದರೆ ಪೋಸ್ಟರಿನ ಕೆಲಸವನ್ನು ಮತದಲ್ಲಿ ಮಾತ್ರ ಅಳೆಯಬಾರದು. ಚೂರಿಯನ್ನೇ ಹಿಂಬಾಲಿಸಿ. 1919ರಲ್ಲಿ ಬೋಲ್ಷೆವಿಕ್ ಅಸ್ಥಿಪಂಜರದ ಹಲ್ಲಿನಲ್ಲಿ ಚೂರಿ. ಅದೇ ವರ್ಷ ನವೆಂಬರ್‌ನಲ್ಲಿ ಹಿಂಡೆನ್‌ಬರ್ಗ್ (ಯುದ್ಧದಲ್ಲಿ ಸೇನೆಯ ಮುಖ್ಯಸ್ಥನಾಗಿದ್ದವನು) ಸಂಸದೀಯ ಸಮಿತಿಯ ಮುಂದೆ, ಸೇನೆಗೆ ಬೆನ್ನಿಂದ ಇರಿಯಲಾಯಿತು ಎಂದ. ಸೇನಾ ದಂಡನಾಯಕರೇ ಕದನವಿರಾಮಕ್ಕೆ ಅವಸರ ಮಾಡಿದ್ದು ಮರೆತುಹೋಯಿತು. 1924ರಲ್ಲಿ ರಾಷ್ಟ್ರವಾದಿ ಪಕ್ಷದ ಪೋಸ್ಟರಿನಲ್ಲಿ ಕೆಂಪು ಆಕೃತಿಯೊಂದು ಜರ್ಮನ್ ಸೈನಿಕನ ಬೆನ್ನಿಗೆ ಇರಿಯುತ್ತಿದೆ. ಸುಳ್ಳು ಮಾತೊಂದಕ್ಕೆ ಕೈಕಾಲು ಬಂದದ್ದು ಆ ಚಿತ್ರದಿಂದ. 1930ರಲ್ಲಿ ಸೋಷಿಯಲ್ ಡೆಮಾಕ್ರಟರು ಅದೇ ಚೂರಿಯನ್ನು ನಾತ್ಸಿಯ ಕೈಗೆ ಕೊಟ್ಟು 'ಇವರೇ ಪ್ರಜಾಪ್ರಭುತ್ವದ ಶತ್ರುಗಳು' ಅಂದರು. ಹೊತ್ತು ಮೀರಿತ್ತು, ಆ ಚೂರಿಗೆ ಜನರ ಮನಸ್ಸಿನಲ್ಲಿ ಆಗಲೇ ಬೇರೆ ಒಡೆಯನಿದ್ದ.

ಸುಮಾ, ಮ್ಯೂನಿಕ್

ಅಚ್ಚುಮೊಳೆ ಸರ್ ಮಾತಿಗೆ ಒಂದು ಸೇರ್ಪಡೆ. 1924ರದ್ದೇ ಇನ್ನೊಂದು ಪೋಸ್ಟರ್ ಇದೆ, 'ಸೂತ್ರಧಾರಿ'. ಫೋಲ್ಕಿಷ್ ಬ್ಲಾಕ್ ಎಂಬ ಜನಾಂಗವಾದಿ ಕೂಟದ್ದು. ದಪ್ಪ ದೇಹದ, ಶ್ರೀಮಂತ ಉಡುಪಿನ ಯಹೂದಿಯ ವ್ಯಂಗ್ಯಚಿತ್ರ, ಅವನ ಕೈಯ ದಾರಗಳಿಗೆ ಸಿಕ್ಕ ಕಾರ್ಮಿಕರ ಸಾಲು. ಇದರಲ್ಲಿ ದೈತ್ಯ ಯಾರು, ಕುಬ್ಜರು ಯಾರು ನೋಡಿ. ಶತ್ರುವೇ ದೈತ್ಯ. ಎಂಟು ವರ್ಷದ ನಂತರ ಆಲ್ಬ್ರೆಕ್ಟ್‌ನ ಪೋಸ್ಟರಿನಲ್ಲಿ ಅದನ್ನು ತಲೆಕೆಳಗು ಮಾಡಿ, ಕಾರ್ಮಿಕ ದೊಡ್ಡವನಾದ, ಯಹೂದಿ ಮುದುಡಿದ ಪಿಸುಮಾತಿನವನಾದ. ಒಮ್ಮೆ ಸರ್ವಶಕ್ತ, ಒಮ್ಮೆ ಹುಳು. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ ಎಂದು ಯಾರೂ ನಿಂತು ಕೇಳಲಿಲ್ಲ.

ಹೆಸರಿರುವ ಒಬ್ಬ ಮನುಷ್ಯನಿಗೆ ಇದು ಏನು ಮಾಡಿತು ಎಂಬುದಕ್ಕೆ ಬರ್ಲಿನ್ ಪೊಲೀಸ್ ಉಪಾಧ್ಯಕ್ಷ ಬರ್ನ್‌ಹಾರ್ಡ್ ವೈಸ್ ಸಾಕ್ಷಿ. ಯಹೂದಿ, ಮೊದಲ ಯುದ್ಧದಲ್ಲಿ ಹೋರಾಡಿದ ಅಧಿಕಾರಿ. 1927ರಲ್ಲಿ ಬರ್ಲಿನ್ನಿನ ನಾತ್ಸಿ ಮುಖಂಡ ಗೋಬೆಲ್ಸ್ ಶುರುಮಾಡಿದ ಪತ್ರಿಕೆಯಲ್ಲಿ ಅವರಿಗೆ 'ಇಸಿಡೋರ್' ಎಂಬ ಅಡ್ಡಹೆಸರಿಟ್ಟು ವಾರವಾರ ಹೀಯಾಳಿಸಿದರು, ಚಿತ್ರ ಬರೆಯುತ್ತಿದ್ದವನು ಇದೇ ಶ್ವೈಟ್ಸರ್. ವೈಸ್ ಮತ್ತೆ ಮತ್ತೆ ನ್ಯಾಯಾಲಯಕ್ಕೆ ಹೋದರು, ಮತ್ತೆ ಮತ್ತೆ ಗೆದ್ದರು. ಅಡ್ಡಹೆಸರು ಮಾತ್ರ ಬೀದಿಯಲ್ಲಿ ಉಳಿಯಿತು. ಕೊನೆಗೆ ದೇಶ ಬಿಟ್ಟು ಲಂಡನ್ ಸೇರಿದರು. ಮಾಸ್ತರ ಅವರೇ, ಜನವರಿ 30ರ ಕೋಣೆಯಲ್ಲಿ ಪೋಸ್ಟರ್ ಇರಲಿಲ್ಲ, ನಿಜ. ಆದರೆ ಆಮೇಲೆ ವೈಸ್‌ರಂಥವರನ್ನು ಬೇಟೆಯಾಡಿದಾಗ ಬೀದಿ ಸುಮ್ಮನಿದ್ದದ್ದು ಯಾಕೆ ಎಂಬ ಪ್ರಶ್ನೆಗೆ ಈ ಚಿತ್ರಗಳನ್ನು ಬಿಟ್ಟು ಉತ್ತರ ಸಿಗುವುದಿಲ್ಲ.

ಧಾರವಾಡ ಮಾಸ್ತರ

ಸುಮಾ ಅವರ, ಈ ಮಾತು ನನಗ ಒಪ್ಪಿಗಿ ಐತಿ. ಮತ ಬ್ಯಾರೆ, ಮನಸ್ಸು ಬ್ಯಾರೆ.

ಕೆಂಪುಹೊಳೆ

ಇಷ್ಟು ಹೊತ್ತು ಓದಿದೆ. ವಿರೋಧಿಸಿದವರ ಕಡೆ ಒಳ್ಳೆಯ ಚಿಹ್ನೆಯೇ ಇರಲಿಲ್ಲವೇನೋ ಎಂಬಂತೆ ಮಾತು ಹೊರಟಿದೆ. ಇತ್ತು.

ಸೆರ್ಗೈ ಚಖೋಟಿನ್ ರಷ್ಯಾದ ಜೀವವಿಜ್ಞಾನಿ, ನಾಯಿಗಳ ಪ್ರಯೋಗಕ್ಕೆ ಹೆಸರಾದ ಪಾವ್ಲೋವ್ ಬಳಿ ಕೆಲಸ ಮಾಡಿದವರು, ಆಗ ಹೈಡೆಲ್‌ಬರ್ಗ್‌ನ ಸಂಶೋಧನಾ ಸಂಸ್ಥೆಯಲ್ಲಿದ್ದರು. ಅಲ್ಲಿನ ಗೋಡೆಯೊಂದರ ಮೇಲಿದ್ದ ಸ್ವಸ್ತಿಕದ ಮೇಲೆ ಯಾರೋ ಸುಣ್ಣದ ಕಡ್ಡಿಯಿಂದ ಅಡ್ಡಗೀಟು ಎಳೆದು ಹೋಗಿದ್ದರು. ಅದನ್ನು ಕಂಡು, ಆ ಗೀಟಿಗೆ ಬಾಣದ ಮೊನೆ ಕೊಟ್ಟು, ಒಂದನ್ನು ಮೂರು ಮಾಡಿ, ಓರೆಯಾಗಿ ಕೆಳಕ್ಕೆ ಚುಚ್ಚುವ ಮೂರು ಬಾಣ ಮಾಡಿದರು. ಇದರ ಬುದ್ಧಿವಂತಿಕೆ ಇಷ್ಟು: ಸ್ವಸ್ತಿಕ ಎಷ್ಟು ಕಡೆ ಬರೆದರೂ ಮೂರು ಗೀಟು ಎಳೆದರೆ ಅದು ನಿಮ್ಮದೇ ಪೋಸ್ಟರ್ ಆಯಿತು. ಯಾವ ಮಗುವೂ ಬರೆಯಬಹುದು. ಆ ಬಾಣಗಳ ಮೇಲೆ ಸ್ವಸ್ತಿಕ ಬರೆದರೂ ಅವು ಮುಚ್ಚಿಹೋಗುವುದಿಲ್ಲ, ಆಗಲೂ ಚುಚ್ಚುತ್ತಲೇ ಇರುತ್ತವೆ. ಹೆಸೆನ್‌ನ ಸಂಸದ ಕಾರ್ಲೊ ಮೀರೆನ್‌ಡಾರ್ಫ್ ಜೊತೆಯಾದರು. 1931ರ ಡಿಸೆಂಬರ್‌ನಲ್ಲಿ ಹುಟ್ಟಿದ, ಸೋಷಿಯಲ್ ಡೆಮಾಕ್ರಟರ ಮತ್ತು ಕಾರ್ಮಿಕ ಸಂಘಗಳ ಕೂಟವಾದ 'ಉಕ್ಕಿನ ರಂಗ' ಇದನ್ನು ಲಾಂಛನ ಮಾಡಿಕೊಂಡಿತು. ಎತ್ತಿದ ಮುಷ್ಟಿ, 'ಸ್ವಾತಂತ್ರ್ಯ' ಎಂಬ ಕೂಗು ಜೊತೆಗೆ.

1932ರ ನವೆಂಬರ್ ಪೋಸ್ಟರಿನಲ್ಲಿ ಒಂದು ಬಾಣ ಕಿರೀಟಕ್ಕೆ, ಒಂದು ಸ್ವಸ್ತಿಕಕ್ಕೆ, ಒಂದು ಕುಡುಗೋಲು ಸುತ್ತಿಗೆಗೆ: 'ಪಾಪೆನ್, ಹಿಟ್ಲರ್, ಥೇಲ್‌ಮನ್ ವಿರುದ್ಧ.' ಕೊನೆಯವನು ಕಮ್ಯುನಿಸ್ಟರ ನಾಯಕ. ಕಾರ್ಮಿಕರ ಎರಡು ಪಕ್ಷಗಳು ಒಂದಾಗಬೇಕಿದ್ದ ಹೊತ್ತಿನಲ್ಲಿ ಮೂರನೇ ಬಾಣ ಇನ್ನೊಂದು ಕಾರ್ಮಿಕ ಪಕ್ಷದ ಎದೆಗೆ. ಥೇಲ್‌ಮನ್ ಪಕ್ಷವೂ ಸೋಷಿಯಲ್ ಡೆಮಾಕ್ರಟರನ್ನು ಫ್ಯಾಸಿಸ್ಟರ ಇನ್ನೊಂದು ರೂಪ ಎನ್ನುತ್ತಿತ್ತು, ಅದು ಬೇರೆ. ನನಗೆ ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು ಚಿತ್ರದ ಹೊರಗೆ. 1932ರ ಜುಲೈ 20ರಂದು ಆಗಿನ ಪ್ರಧಾನಿ ಪಾಪೆನ್ ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾದ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿದ. ಉಕ್ಕಿನ ರಂಗದ ಹುಡುಗರು ಕರೆ ಬರುತ್ತದೆಂದು ಕಾದರು. ನಾಯಕರು, ಹನ್ನೊಂದು ದಿನದಲ್ಲಿ ಚುನಾವಣೆ ಇದೆ, ಮತದಲ್ಲಿ ಉತ್ತರ ಕೊಡಿ ಅಂದರು. ಬಾಣದ ಗುರುತು ಎದೆಯ ಮೇಲಿತ್ತು, ಬಾಣ ಹೊರಡಲಿಲ್ಲ.

ಕಾರ್ಲ್ ಗೈಸ್ ಬರೆದ 'ಸ್ವಸ್ತಿಕದ ರಾಜ್ಯದಲ್ಲಿ ಕಾರ್ಮಿಕ' ಪೋಸ್ಟರನ್ನೂ ನೋಡಿ. ಸ್ವಸ್ತಿಕಕ್ಕೆ ಬಿಗಿದು ಕಟ್ಟಿದ ಕಾರ್ಮಿಕನ ಮೈ. ಹೇಳಿದ್ದೆಲ್ಲ ಮುಂದೆ ನಿಜವಾಯಿತು. ಆದರೆ 60 ಲಕ್ಷ ನಿರುದ್ಯೋಗಿಗಳಿಗೆ ಇನ್ನೊಂದು ನೋವಿನ ಚಿತ್ರ ತೋರಿಸಿದರೆ ಅವರು ಎತ್ತ ನಡೆಯಬೇಕು?

ವರ್ಣಲೇಪ

ಕೆಂಪುಹೊಳೆ ಅವರೇ, ಹಾರ್ಟ್‌ಫೀಲ್ಡ್‌ನನ್ನು ಬಿಟ್ಟಿರಿ. ಹೆಲ್ಮುಟ್ ಹೆರ್ಟ್ಸ್‌ಫೆಲ್ಡ್ ಯುದ್ಧಕಾಲದ ಇಂಗ್ಲಿಷ್ ದ್ವೇಷಕ್ಕೆ ಪ್ರತಿಭಟನೆಯಾಗಿ ಜಾನ್ ಹಾರ್ಟ್‌ಫೀಲ್ಡ್ ಆದವನು. 1928ರಲ್ಲಿ ಕಮ್ಯುನಿಸ್ಟರ ಪಟ್ಟಿಯ ಸಂಖ್ಯೆ 5. ಅವನು ದುಡಿದು ಮಸಿಯಾದ ಕಾರ್ಮಿಕನ ಅಂಗೈಯನ್ನು ಫೋಟೋ ತೆಗೆದು ಹಾಳೆಯ ತುಂಬ ಇಟ್ಟ. ಬೆರಳುಗಳು ನೋಡುವವನ ಕಡೆ ಚಾಚಿವೆ. 'ಕೈಗೆ ಐದು ಬೆರಳು. ಐದರಿಂದ ಶತ್ರುವನ್ನು ಹಿಡಿ. ಪಟ್ಟಿ 5ಕ್ಕೆ ಮತ ಹಾಕು.' ಸಂಖ್ಯೆ, ಅಂಗ, ಬೆದರಿಕೆ, ದುಡಿಮೆ ನಾಲ್ಕೂ ಒಂದೇ ಏಟಿಗೆ. ನನಗೆ ಆ ಕಾಲದ ಅತ್ಯುತ್ತಮ ಚುನಾವಣಾ ಪೋಸ್ಟರ್ ಇದು.

ನಮ್ಮಲ್ಲಿ ಹಸ್ತ, ಕಮಲ, ತೆನೆ ಹೊತ್ತ ಮಹಿಳೆ ಎಂದು ಗುರುತು ವರ್ಷಗಟ್ಟಲೆ ಪಕ್ಷಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗಬಹುದಿತ್ತು. 1930ರಲ್ಲಿ ಕಮ್ಯುನಿಸ್ಟರು ಪಟ್ಟಿ 4 ಆದರು, ಆ ಅದ್ಭುತ ಕೈ ಒಂದೇ ಚುನಾವಣೆಗೆ ಮುಗಿಯಿತು. ಸ್ವಸ್ತಿಕಕ್ಕೆ ಆ ಕಷ್ಟ ಇರಲಿಲ್ಲ.

1932ರ ಅಕ್ಟೋಬರ್‌ನಲ್ಲಿ ಎ.ಐ.ಝಡ್. ಎಂಬ ಎಡಪಂಥದ ಸಚಿತ್ರ ವಾರಪತ್ರಿಕೆಯ ಮುಖಪುಟಕ್ಕೆ ಅವನು ಮಾಡಿದ್ದು ಇನ್ನೊಂದು: ಹಿಟ್ಲರ್ ಭುಜದ ಮೇಲಕ್ಕೆ ಅಂಗೈ ಮಡಚಿ ಸೆಲ್ಯೂಟ್ ಕೊಡುತ್ತಿದ್ದಾನೆ, ಹಿಂದೆ ನಿಂತ ಭಾರೀ ದೇಹದವನೊಬ್ಬ ಆ ಕೈಗೆ ನೋಟಿನ ಕಂತೆ ಇಡುತ್ತಿದ್ದಾನೆ. 'ನನ್ನ ಹಿಂದೆ ಮಿಲಿಯನ್‌ಗಳಿವೆ.' ನೋಡಿ, ಇಲ್ಲಿ ಕುಬ್ಜನಾದವನು ನಾಯಕನೇ.

ಹಳೇ ಅಚ್ಚುಮೊಳೆ

ಆ ಪತ್ರಿಕೆ ಗ್ರೇವ್ಯೂರ್ ಮುದ್ರಣ. ತಾಮ್ರದ ಉರುಳೆಯಲ್ಲಿ ಕೊರೆದ ಪುಟ್ಟ ಗುಳಿಗಳಲ್ಲಿ ಮಸಿ ತುಂಬಿ ಕಾಗದಕ್ಕೆ ಇಳಿಸುವುದು. ನೆರಳು ದಟ್ಟವಾಗಿ, ಒಂದರಿಂದೊಂದಕ್ಕೆ ಮೆಲ್ಲಗೆ ಸರಿಯುತ್ತದೆ. ಬೇರೆ ಬೇರೆ ಫೋಟೋ ಅಂಟಿಸಿದ ಸಂದು ಅದರಲ್ಲಿ ಮುಚ್ಚಿಹೋಗುತ್ತದೆ. ಹಾರ್ಟ್‌ಫೀಲ್ಡ್‌ನ ಕತ್ತರಿಯಷ್ಟೇ ಆ ಉರುಳೆಗೂ ಕೀರ್ತಿ ಸಲ್ಲಬೇಕು.

ಮಂಜುಳಾ ಎಚ್.

ಈ ಕಲಾವಿದರೆಲ್ಲ ಆಮೇಲೆ ಏನಾದರು?

ಸುಮಾ, ಮ್ಯೂನಿಕ್

ಹಾರ್ಟ್‌ಫೀಲ್ಡ್ 1933ರ ಏಪ್ರಿಲ್‌ನಲ್ಲಿ ಪ್ರಾಗ್‌ಗೆ, 1938ರಲ್ಲಿ ಇಂಗ್ಲೆಂಡಿಗೆ ಓಡಿದ. ಮೀರೆನ್‌ಡಾರ್ಫ್ ವರ್ಷಗಟ್ಟಲೆ ಸೆರೆಶಿಬಿರಗಳಲ್ಲಿದ್ದು ಹೊರಬಂದು, ಮತ್ತೆ ಗುಪ್ತವಾಗಿ ವಿರೋಧ ಕಟ್ಟಿ, 1943ರ ಡಿಸೆಂಬರ್‌ನಲ್ಲಿ ಲೈಪ್ಸಿಗ್ ಬಾಂಬ್ ದಾಳಿಯಲ್ಲಿ ತೀರಿಕೊಂಡರು. ಚಖೋಟಿನ್ ಡೆನ್ಮಾರ್ಕ್, ಫ್ರಾನ್ಸ್ ಸುತ್ತಿ ಕೊನೆಗೆ ಮಾಸ್ಕೋಗೆ ಮರಳಿದರು.

1937ರಲ್ಲಿ ಮ್ಯೂಸಿಯಂಗಳಿಂದ ನಾತ್ಸಿಗಳು ಜರೆದ ಹೊಸ ಶೈಲಿಯ ಕಲೆಯನ್ನು, ಅವರ ಮಾತಿನಲ್ಲಿ 'ಅಧಃಪತಿತ ಕಲೆ'ಯನ್ನು, ಕಿತ್ತೊಯ್ಯಲು ಅಡಾಲ್ಫ್ ತ್ಸೀಗ್ಲರ್ ಮುಂದಾಳತ್ವದ ತಂಡ ಹೊರಟಿತು. ಅದರಲ್ಲಿ ಹಾನ್ಸ್ ಶ್ವೈಟ್ಸರ್ ಇದ್ದ. ಕಿತ್ತೊಯ್ದವುಗಳಲ್ಲಿ ಪೆಖ್‌ಸ್ಟೈನ್‌ನ ಕೃತಿಗಳಿದ್ದವು. ಎಳೆಯ ಗಣರಾಜ್ಯದ ಮಗುವನ್ನು ಬರೆದವನ ಚಿತ್ರಗಳಿಗೆ ನಾತ್ಸಿ ಪೋಸ್ಟರ್ ಬರೆದವನೇ ಜಪ್ತಿದಾರ. ಶ್ವೈಟ್ಸರ್ 1980ರ ತನಕ ಬದುಕಿದ್ದ.

ಮತ್ತೊಂದು ಹೆಸರು ಹೇಳಲೇಬೇಕು. ಹಾನ್ಸ್ ಸಾಕ್ಸ್, ಬರ್ಲಿನ್ನಿನ ಯಹೂದಿ ದಂತವೈದ್ಯರು. ಪೋಸ್ಟರ್‌ಗಳಿಗೆಂದೇ ಪತ್ರಿಕೆ ನಡೆಸಿ, 12,500ರಷ್ಟು ಪೋಸ್ಟರ್ ಸಂಗ್ರಹಿಸಿದ್ದರು. 1938ರಲ್ಲಿ ನಾತ್ಸಿಗಳ ಗುಪ್ತ ಪೊಲೀಸ್ ದಳ ಗೆಸ್ಟಾಪೊ ಎಲ್ಲವನ್ನೂ ಹೊತ್ತೊಯ್ದಿತು. ಉಳಿದ ನಾಲ್ಕು ಸಾವಿರಕ್ಕೂ ಹೆಚ್ಚು ಬರ್ಲಿನ್ನಿನ ಜರ್ಮನ್ ಇತಿಹಾಸ ಮ್ಯೂಸಿಯಂ ಸೇರಿದ್ದವು. ಮಗ ಪೀಟರ್ ಸಾಕ್ಸ್ ಮೊಕದ್ದಮೆ ಹೂಡಿ, 2012ರ ಮಾರ್ಚ್‌ನಲ್ಲಿ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯದಲ್ಲಿ ಗೆದ್ದರು. ಈ ಪೋಸ್ಟರ್‌ಗಳು ಬರೀ ವಿನ್ಯಾಸದ ಪಾಠವಲ್ಲ, ಕೆಲವು ಕಳ್ಳಮಾಲೂ ಹೌದು.

ಇನ್ನು ಮೂರು ಬಾಣಕ್ಕೆ ಮೂಲವಾದ ಆ ಅಡ್ಡಗೀಟಿನ ಮುಂದಿನ ಕತೆ. ಜರ್ಮನಿಯಲ್ಲಿ ನಾತ್ಸಿ ಚಿಹ್ನೆ ಪ್ರದರ್ಶನ ಅಪರಾಧ. ಅಡ್ಡಗೀಟು ಎಳೆದ ಸ್ವಸ್ತಿಕ ಮಾರಿದ್ದಕ್ಕೂ ಸ್ಟುಟ್‌ಗಾರ್ಟ್‌ನಲ್ಲಿ ಒಬ್ಬರಿಗೆ ದಂಡ ಬಿತ್ತು. 2007ರ ಮಾರ್ಚ್‌ನಲ್ಲಿ ಮೇಲಿನ ನ್ಯಾಯಾಲಯ, ವಿರೋಧ ಸ್ಪಷ್ಟವಾಗಿ ಕಾಣುವಂತಿದ್ದರೆ ತಪ್ಪಿಲ್ಲ ಎಂದು ಅದನ್ನು ರದ್ದು ಮಾಡಿತು.

ಧಾರವಾಡ ಮಾಸ್ತರ

ನಮ್ಮ ಹತ್ತನೇ ಇಯತ್ತೆ ಪಾಠದಾಗ ಈ ಕಾಲದ ಬಗ್ಗೆ ಬರತದ. ಹುಡುಗರಿಗೆ ತೋರಸಾಕ ಯಾವ ಎರಡು ಆರಸಲಿ?

ವರ್ಣಲೇಪ

ಮಾಸ್ತರೇ, 1919ರ ಪೆಖ್‌ಸ್ಟೈನ್ ಮಗು ಮತ್ತು ಎಂಗೆಲ್‌ಹಾರ್ಡ್‌ನ ಗೊರಿಲ್ಲಾ ತೋರಿಸಿ. ಒಂದೇ ಚಳಿಗಾಲದವು ಎಂದು ಮೊದಲೇ ಹೇಳಿ, ಯಾವುದು ಬೇಗ ಅರ್ಥವಾಯಿತು ಎಂದು ಕೇಳಿ. ಸಮಯ ಉಳಿದರೆ ಮೂರನೆಯದಾಗಿ 1933ರ ನವೆಂಬರ್‌ನ 'ಮಾರ್ಷಲ್ ಮತ್ತು ಕಾರ್ಪೊರಲ್' ತೋರಿಸಿ. ಹಿಂಡೆನ್‌ಬರ್ಗ್, ಹಿಟ್ಲರ್ ಎರಡೇ ಮುಖ. ಅಷ್ಟರಲ್ಲಿ ಮೇ 2ರಂದು ಕಾರ್ಮಿಕ ಸಂಘಗಳನ್ನು ಮುಚ್ಚಿಸಿ, ಜುಲೈ 14ರ ಕಾನೂನಿನಿಂದ ಉಳಿದ ಪಕ್ಷಗಳನ್ನೆಲ್ಲ ನಿಷೇಧಿಸಿ ಆಗಿತ್ತು. ನವೆಂಬರ್ 12ರ ಮತಪತ್ರದಲ್ಲಿ ಇದ್ದದ್ದು ಒಂದೇ ಪಟ್ಟಿ.